ಮಣ್ಣಿನ ಶೌಚವೂ ಅದರ ಎಲ್ಲೆಯೂ

ಮಣ್ಣಿನಲ್ಲಿ ಹೂಳಿದುದು ಕಡೆಗೆ ಮಣ್ಣೇ ಆಗುವುದೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ನೆಲೆಸಿರುವುದು. ಉಂಡ ಎಲೆ, ಸಗಣಿ, ಉದುರಿದ ತರಗು, ಸತ್ತ ಪಶು ಇವೆಲ್ಲವನ್ನೂ ಭೂಮಿಯು ತನ್ನೊಳಗೆ ತೆಗೆದುಕೊಂಡು, ಮರುವರುಷ ಅದೇ ಸ್ಥಳದಲ್ಲಿ ಹಸಿರನ್ನು ಕೊಡುವುದನ್ನು ಎಲ್ಲರೂ ಕಂಡಿರುವರು. ಧರ್ಮಶಾಸ್ತ್ರಕಾರರು ಮೃತ್ತಿಕೆಯನ್ನು ಶೌಚಸಾಧನಗಳಲ್ಲಿ ಸೇರಿಸಿದರು. ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಮಣ್ಣು ಹುಣಿಸೆಹಣ್ಣುಗಳಿಂದ ಬೆಳಗಿದರು. ಈ ನಂಬಿಕೆಯು ಸುಳ್ಳೆಂದು ನಾವು ಹೇಳಲಾರೆವು. ಆದರೆ ಅದಕ್ಕೆ ಕೆಲವು ಎಲ್ಲೆಗಳುಂಟು. ಆ ಎಲ್ಲೆಗಳನ್ನು ತಿಳಿಯದೆ ನಾವು ಒಮ್ಮೆ ಆಡಿದ ಮಾತಿನಿಂದ ನೆರೆಯವರ ಬಾವಿಯೊಂದು ಕೆಟ್ಟುಹೋಯಿತು. ಆ ಸಂಗತಿಯನ್ನು ಮುಚ್ಚದೆ ಹೇಳಿ, ಮಣ್ಣು ಯಾವುದನ್ನು, ಹೇಗೆ, ಯಾವ ಷರತ್ತಿನ ಮೇಲೆ ಶುದ್ಧಮಾಡುವುದೆಂಬುದನ್ನು ಈ ತಿಂಗಳು ವಾಚಕರಿಗೆ ತಿಳಿಸಬೇಕೆಂದಿರುವೆವು.

ನರಗುಂದ ತಾಲೂಕಿನ ಕೊಣ್ಣೂರು ಮಲಪ್ರಭೆಯ ದಂಡೆಯ ಮೇಲಿರುವ ಹಳೆಯ ಊರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಶಕ ೭೮೨ರ ದಾನವನ್ನು ಹೇಳುವ ಅಲ್ಲಿಯ ಶಾಸನದಲ್ಲಿ ಊರಿನ ಹೆಸರು ಕೊಳನೂರೆಂದಿರುವುದು. ಹೊಳೆ ಹತ್ತಿರವಿದ್ದರೂ ನಮ್ಮ ಎರೆಸೀಮೆಯಲ್ಲಿ ನೆಲದೊಳಗಿನ ನೀರು ಅನೇಕ ಕಡೆ ಸವುಳು. ಸಿಹಿನೀರಿನ ಬಾವಿಯುಳ್ಳ ಮನೆಯನ್ನು ನೆರೆಹೊರೆಯವರು ಭಾಗ್ಯವಂತರ ಮನೆಯೆಂದೇ ಎಣಿಸುವರು. ಅಂಥ ಒಂದು ಬಾವಿ ನಮ್ಮ ನೆರೆಯ ಗೃಹಸ್ಥರ ಹಿತ್ತಲಿನಲ್ಲಿತ್ತು. ೧೯೯೬ನೆಯ ಇಸವಿಯ ಬೇಸಿಗೆಯಲ್ಲಿ ಅವರು ಹತ್ತಿಯ ಕಾಯಿಕೊರಕಕ್ಕೆ ಹೊಡೆದು ಮಿಕ್ಕ ಎಣ್ಣೆಯ ಡಬ್ಬವನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಡಬ್ಬದಲ್ಲಿ ಕಾಲುಪಾಲು ಔಷಧ ಉಳಿದಿದ್ದಿತು. ಮನೆಯಲ್ಲಿ ಓಡಾಡುವ ಮಕ್ಕಳು. ಇದನ್ನು ಏನು ಮಾಡಬೇಕೆಂದು ಕೇಳಿದರು. ನಾವು ಹಿಂದುಮುಂದು ನೋಡದೆ, "ಹಿತ್ತಲಿನಲ್ಲಿ ಆಳವಾಗಿ ಹೂಳಿಬಿಡಿರಿ, ಭೂಮಿತಾಯಿ ಎಲ್ಲವನ್ನೂ ಅರಗಿಸಿಕೊಳ್ಳುವಳು" ಎಂದೆವು. ಅವರು ಹಾಗೆಯೇ ಬಾವಿಯಿಂದ ಐದಾರು ಮಾರು ದೂರದಲ್ಲಿ ಕುಣಿ ತೆಗೆದು ಹೂಳಿದರು.

ಮುಂಗಾರಿನ ಎರಡನೆಯ ಮಳೆಯಾದ ಮೇಲೆ ಬಾವಿಯ ನೀರಿಗೆ ಡಾಂಬರಿನಂಥ ಕಟುವಾಸನೆ ಹತ್ತಿತು. ನೀರನ್ನು ಬಳಿದರು, ಹೂಳೆತ್ತಿದರು, ಸುಣ್ಣ ಹಾಕಿದರು, ವಾಸನೆ ಹೋಗಲಿಲ್ಲ. ಆ ಮನೆಯ ಹೆಂಗಸರು ಎರಡು ವರುಷ ಹೊರಗಿನಿಂದ ಕೊಡ ಹೊತ್ತರು. ಗೃಹಸ್ಥರು ನಮಗೆ ಒಂದು ಕಠಿಣವಾದ ಮಾತನ್ನೂ ಆಡಲಿಲ್ಲ. ಅವರ ವೃದ್ಧ ತಾಯಿ ಮಾತ್ರ ಒಂದು ದಿನ ಕೊಡವನ್ನು ಇಳಿಸಿ, "ಮಾಸ್ತರರೇ, ಮಣ್ಣು ಯಾಕೆ ಶುದ್ಧ ಮಾಡಲಿಲ್ಲ?" ಎಂದು ಕೇಳಿದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ; ತಿಳಿಯಬೇಕೆಂಬ ಇಚ್ಛೆಯೇ ಇತ್ತು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ತಾಯಿ ಈಗಿಲ್ಲ. ಉತ್ತರವು ಮಾತ್ರ ನಮ್ಮ ಮೇಲೆ ಸಾಲವಾಗಿ ಉಳಿದಿರುವುದು.

ಮೊದಲು ಹೂಳಿದ ವಸ್ತುವೇನೆಂಬುದನ್ನು ನೋಡೋಣ. ಸೈಪರ್ಮೆಥ್ರಿನ್ ಮೊದಲಾದ ಔಷಧಗಳು ನೀರಿನಲ್ಲಿ ಕರಗುವುದಿಲ್ಲ. ಆದುದರಿಂದ ಅವುಗಳನ್ನು ಕ್ಸೈಲೀನಿನಂಥ ಎಣ್ಣೆಗಳಲ್ಲಿ ಕರಗಿಸಿ ಡಬ್ಬಕ್ಕೆ ತುಂಬುವರು. ಹೊಡೆಯುವ ಕಾಲಕ್ಕೆ ನೀರು ಬೆರೆಸಿದರೆ ಹಾಲಿನಂತೆ ಆಗುವುದು ಇದರಿಂದಲೇ. ಆ ಮೂಲವಿಷಕ್ಕೂ ಈ ಎಣ್ಣೆಗೂ ಒಂದು ಸಮಾನಧರ್ಮವುಂಟು: ಎರಡರ ಒಡಲಿನಲ್ಲಿಯೂ ಬೆಂಜೀನಿನ ಉಂಗುರವಿರುವುದು. ಇಂಥ ಉಂಗುರವುಳ್ಳ ವಸ್ತುಗಳಿಗೆ ರಸಾಯನಶಾಸ್ತ್ರಜ್ಞರು ಆರೋಮ್ಯಾಟಿಕ್, ಅಂದರೆ ಸುಗಂಧವರ್ಗದ ವಸ್ತುಗಳೆಂದು ಹೆಸರಿಟ್ಟರು. ಮೊದಮೊದಲು ಪರಿಚಯವಾದ ಇಂಥ ಪದಾರ್ಥಗಳಲ್ಲಿ ಹಲವು ಪರಿಮಳವುಳ್ಳವಾಗಿದ್ದುದೇ ಇದಕ್ಕೆ ಕಾರಣ. ಬೆಂಜೀನೆಂಬ ಹೆಸರು ಕೂಡ ನಮ್ಮ ದೇವರ ಮನೆಯ ಸಾಂಬ್ರಾಣಿಗೆ ಯುರೋಪದವರು ಇಟ್ಟ ಬೆಂಜಾಯಿನ್ ಎಂಬ ಹೆಸರಿನಿಂದ ಬಂದುದು. ಫ್ಯಾರಡೆಯು ೧೮೨೫ರಲ್ಲಿ ಅದನ್ನು ದೀಪದ ಅನಿಲದ ಎಣ್ಣೆಯಿಂದ ಬೇರ್ಪಡಿಸಿದನು. ಮಿಚರ್ಲಿಖನೆಂಬ ಜರ್ಮನ್ ಪಂಡಿತನು ಸಾಂಬ್ರಾಣಿಯ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಅದನ್ನೇ ಪಡೆದನು. ಕೆಕ್ಯುಲೆಯು ೧೮೬೫ರಲ್ಲಿ ಅದರ ರೂಪವು ಉಂಗುರವೆಂದು ಸಾರಿದನು. ಹೆಸರು ಸುಗಂಧವಾದರೂ ಈ ವರ್ಗದಲ್ಲಿ ವೆನಿಲವೂ ಇರುವುದು, ಡಾಂಬರ ಗುಳಿಗೆಯೂ ಇರುವುದು, ಡಿ. ಡಿ. ಟಿ.ಯೂ ಇರುವುದು.

ಈ ಉಂಗುರವು ಅವಿಭಕ್ತ ಕುಟುಂಬದಂಥದು. ಆರು ಇಂಗಾಲದ ಪರಮಾಣುಗಳು ಆರು ಮಂದಿ ಸಹೋದರರಂತೆ ಸುತ್ತ ಕುಳಿತಿರುವುವು. ಒಬ್ಬೊಬ್ಬರೂ ತಮ್ಮ ಒಂದೊಂದು ಇಲೆಕ್ಟ್ರಾನನ್ನು ಸಮಸ್ತರ ಗಂಟಿಗೆ ಹಾಕಿರುವರು. ಆ ಗಂಟು ಯಾರೊಬ್ಬರದೂ ಅಲ್ಲ, ಎಲ್ಲರದು. ಆದುದರಿಂದ ಹೊರಗಿನವನು ಬಂದು ಒಬ್ಬನನ್ನು ಒಡೆದು ತೆಗೆಯಲು ಹೋದರೆ ಇಡೀ ಮನೆಯೇ ಅಡ್ಡ ನಿಲ್ಲುವುದು. ಸಕ್ಕರೆ ಹಿಟ್ಟುಗಳಂತೆ ಬೆಂಜೀನು ಬೇಗನೆ ಕೊಳೆಯದಿರುವುದಕ್ಕೆ ಈ ಒಗ್ಗಟ್ಟೇ ಕಾರಣ.

ಇಂಥ ಬಲವಾದ ಮನೆಯನ್ನು ವಿಭಾಗಮಾಡುವ ಪಂಚರು ಮಣ್ಣಿನಲ್ಲಿ ವಾಸಮಾಡುವ ಬ್ಯಾಕ್ಟೀರಿಯಗಳು. ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಅವು ಕೋಟಿಗಟ್ಟಲೆ ಇರುವುವು. ಗಂಧವು ಪೃಥಿವಿಯ ವಿಶೇಷಗುಣವೆಂದು ನ್ಯಾಯಶಾಸ್ತ್ರವನ್ನು ಓದಿದವರೆಲ್ಲರೂ ಬಲ್ಲರು. ಮೊದಲ ಮಳೆಗೆ ಏಳುವ ನೆಲದ ಕಂಪಿನಲ್ಲಿ ಹೆಚ್ಚಿನ ಪಾಲು ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ವಸ್ತುವಿನದೆಂಬುದು ಈಗ ತಿಳಿದುಬಂದಿರುವುದು. ನಾವು ಭೂಮಿಯ ಗುಣವೆಂದು ಕರೆಯುವುದರಲ್ಲಿ ಬಹುಭಾಗವು ಈ ಕಣ್ಣಿಗೆ ಕಾಣದ ಒಕ್ಕಲಿನ ಗುಣವೇ ಆಗಿರುವುದು. ಮಣ್ಣಿನ ಶೌಚವೂ ಹಾಗೆಯೇ.

ಅವು ಕೆಲಸಮಾಡುವ ಕ್ರಮ ಹೀಗೆ. ಸೂಡೊಮೊನಸ್ ಎಂಬ ಜಾತಿಯ ಬ್ಯಾಕ್ಟೀರಿಯವು ಬೆಂಜೀನಿನ ಉಂಗುರವನ್ನು ಸಮೀಪಿಸಿ, ಕಬ್ಬಿಣದ ಅಂಶವುಳ್ಳ ಒಂದು ಕಿಣ್ವದ ಸಹಾಯದಿಂದ ಗಾಳಿಯೊಳಗಿನ ಆಮ್ಲಜನಕದ ಎರಡು ಪರಮಾಣುಗಳನ್ನು ಪಕ್ಕಪಕ್ಕದ ಎರಡು ಇಂಗಾಲಗಳಿಗೆ ಕೂಡಿಸುವುದು. ಇದಕ್ಕೆ ಅದು ತನ್ನ ಶಕ್ತಿಯನ್ನು ಮುಂಗಡವಾಗಿ ವೆಚ್ಚಮಾಡಬೇಕಾಗುವುದು. ಸಮಸ್ತರ ಗಂಟು ಅಲ್ಲಿಗೆ ಬಿಚ್ಚುವುದು. ಎರಡನೆಯ ಹೆಜ್ಜೆಯಲ್ಲಿ ಆ ವಸ್ತುವು ಕೆಟಕಾಲ್ ಎಂಬುದಾಗುವುದು. ಮೂರನೆಯ ಹೆಜ್ಜೆಯಲ್ಲಿ ಬೇರೊಂದು ಕಿಣ್ವವು ಮತ್ತೊಮ್ಮೆ ಆಮ್ಲಜನಕವನ್ನು ತಂದು ಉಂಗುರವನ್ನು ಕತ್ತರಿಸಿ ಸರಿಗೆಯಂತೆ ನೀಳಮಾಡುವುದು. ಜಪಾನಿನ ಒಸಾಮು ಹಯಾಇಶಿಯು ೧೯೫೫ರಲ್ಲಿ, ಇಲ್ಲಿ ಸೇರುವ ಆಮ್ಲಜನಕವು ನೀರಿನಿಂದ ಬಂದುದಲ್ಲ, ನೇರವಾಗಿ ಗಾಳಿಯಿಂದ ಬಂದುದೆಂದು ತೋರಿಸಿದನು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಬಾವಿಯ ಕಥೆಗೆ ಇದು ಮುಂದೆ ಬೇಕಾಗುವುದು. ಒಮ್ಮೆ ಉಂಗುರ ಬಿಚ್ಚಿತೆಂದರೆ ಉಳಿದುದು ಸುಲಭ. ನೀಳವಾದ ಆ ಸರಿಗೆಯು ತುಂಡುತುಂಡಾಗಿ, ನಮ್ಮ ನಿಮ್ಮ ದೇಹದಲ್ಲಿ ಅನ್ನವು ಉರಿಯುವ ದಾರಿಯಲ್ಲಿಯೇ ಉರಿದು, ಇಂಗಾಲಾಮ್ಲವೂ ನೀರೂ ಆಗುವುದು. ಅಷ್ಟೂ ಬ್ಯಾಕ್ಟೀರಿಯಕ್ಕೆ ಊಟ.

ಡಾಂಬರ ಗುಳಿಗೆಯೆಂದು ನಾವು ಸೀರೆಯ ಪೆಟ್ಟಿಗೆಯಲ್ಲಿಡುವ ನ್ಯಾಫ್ತಲೀನು ಎರಡು ಉಂಗುರಗಳು ಅಂಟಿಕೊಂಡ ವಸ್ತು. ಅದನ್ನು ತಿನ್ನುವಾಗ ಅನೇಕ ಸೂಡೊಮೊನಸುಗಳು ಮೊದಲು ಒಂದು ಉಂಗುರವನ್ನು ತೆಗೆದು ಸ್ಯಾಲಿಸಿಲಿಕ್ ಆಮ್ಲವನ್ನು ಮಾಡಿಕೊಳ್ಳುವುವು. ಗಜಕರ್ಣಕ್ಕೆ ಹಚ್ಚುವ ಮುಲಾಮಿನಲ್ಲಿರುವುದು ಅದೇ ಆಮ್ಲ. ಬಳಿಕ ಅದನ್ನು ಕೆಟಕಾಲಾಗಿಸಿ ಮೇಲೆ ಹೇಳಿದ ದಾರಿಗೆ ತರುವುವು. ಈ ವಿದ್ಯೆಯು ಅನೇಕ ಸಲ ಬ್ಯಾಕ್ಟೀರಿಯದ ಮೂಲ ಗ್ರಂಥದಲ್ಲಿರದೆ, ಪ್ಲಾಸ್ಮಿಡ್ ಎಂಬ ಪ್ರತ್ಯೇಕವಾದ ಸಣ್ಣ ಹೊತ್ತಿಗೆಯಲ್ಲಿರುವುದು. ಒಂದು ಬ್ಯಾಕ್ಟೀರಿಯವು ಆ ಹೊತ್ತಿಗೆಯ ಪ್ರತಿಯನ್ನು ತೆಗೆದು ನೆರೆಯದಕ್ಕೆ ಕೊಡಬಲ್ಲದು. ಹಿಂದೆ ವಿದ್ಯಾರ್ಥಿಗಳು ಗುರುಗಳ ತಾಳೆಯೋಲೆಯನ್ನು ಪ್ರತಿಮಾಡಿಕೊಂಡು ಬೇರೆ ಊರಿಗೆ ಒಯ್ಯುತ್ತಿದ್ದಂತೆ ಇದು ನಡೆಯುವುದು.

ಮನುಷ್ಯನು ಮೊನ್ನೆ ಮೊನ್ನೆ ಮಾಡಿದ ವಿಷಗಳನ್ನು ತಿನ್ನಲು ಇವು ಎಲ್ಲಿ ಕಲಿತವೆಂದು ಕೇಳಬಹುದು. ಮರದ ಕಾಂಡವನ್ನು ಗಟ್ಟಿಮಾಡುವ ಲಿಗ್ನಿನ್ ಎಂಬ ವಸ್ತುವು ಇಂಥ ಉಂಗುರಗಳಿಂದಲೇ ಕಟ್ಟಿದುದು. ಎಲೆ ಬೇರು ತೊಗಟೆಗಳು ಕೊಳೆಯುವಲ್ಲೆಲ್ಲ ಉಂಗುರಗಳುಂಟು. ಕೋಟ್ಯಂತರ ವರುಷಗಳಿಂದ ಕಾಡಿನ ತರಗನ್ನು ಅರಗಿಸಿದ ಹಳೆಯ ವಿದ್ಯೆಯೇ ಇಂದು ಅಲ್ಪಸ್ವಲ್ಪ ಮಾರ್ಪಾಡಿನಿಂದ ಹೊಸ ವಿಷಕ್ಕೂ ಒದಗುವುದು.

ಇದು ಪರದೇಶದ ಮಾತು ಮಾತ್ರವಲ್ಲ. ಕಲಬುರಗಿಯ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಟಿ. ಬಿ. ಕರೇಗೌಡರ ಮತ್ತು ಅವರ ಸಂಗಡಿಗರು ನ್ಯಾಫ್ತಲೀನನ್ನು ತಿನ್ನುವ ಸೂಡೊಮೊನಸ್ ತಳಿಯೊಂದನ್ನು ಅಭ್ಯಾಸಮಾಡಿ ೧೯೯೫ರಲ್ಲಿ ಪ್ರಕಟಿಸಿದರು. ಅದೇ ತಳಿಯನ್ನು ಸ್ಪಂಜಿನಂಥ ಪಾಲಿಯುರಿಥೇನ್ ನೊರೆಯಲ್ಲಿ ನೆಲೆಗೊಳಿಸಿದರೆ ಬಿಡಿಯಾಗಿದ್ದುದಕ್ಕಿಂತ ಚೆನ್ನಾಗಿ ಕೆಲಸಮಾಡುವುದೆಂದು ೨೦೦೧ರಲ್ಲಿ ತೋರಿಸಿದರು. ನಮಗೆ ಇನ್ನೂ ಸಮೀಪವಾದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಚ್. ಝಡ್. ನಿನ್ನೇಕರ ಅವರ ಸಂಗಡಿಗರು ಮಣ್ಣಿನಿಂದ ತೆಗೆದ ಮೈಕ್ರೊಕಾಕಸ್ ಜಾತಿಯ ಬ್ಯಾಕ್ಟೀರಿಯವೊಂದು ಸೈಪರ್ಮೆಥ್ರಿನ್ನನ್ನೇ ಆಹಾರಮಾಡಿಕೊಂಡು ಬದುಕುವುದೆಂದು ೨೦೦೮ರಲ್ಲಿ ಪ್ರಕಟಿಸಿದರು. ಅದು ಮೊದಲು ವಿಷದ ನಡುಗಂಟನ್ನು ನೀರಿನಿಂದ ಬಿಡಿಸುವುದು. ಅಷ್ಟಕ್ಕೇ ಕೀಟವನ್ನು ಕೊಲ್ಲುವ ಶಕ್ತಿ ನಷ್ಟವಾಗುವುದು. ಉಳಿದ ಜೋಡಿ ಉಂಗುರವನ್ನು ಬಿಡಿಸಿ ಎರಡು ಮಾಡಿ, ಒಂದೊಂದನ್ನೂ ಕತ್ತರಿಸಿ ತಿಂದುಹಾಕುವುದು.

ಇಂಥ ಬ್ಯಾಕ್ಟೀರಿಯವನ್ನು ಹುಡುಕುವ ವಿಧಾನವು ಸರಳವಾದುದು. ಹಾಲೆಂಡಿನ ಬೈಯರಿಂಕನ ಕಾಲದಿಂದ ಬಂದ ರೂಢಿಯಂತೆ, ಲವಣಗಳನ್ನು ಕರಗಿಸಿದ ನೀರಿಗೆ ಯಾವ ಅನ್ನವನ್ನೂ ಹಾಕದೆ, ಆ ವಿಷವೊಂದನ್ನೇ ಸ್ವಲ್ಪ ಬೆರೆಸಿ, ಒಂದು ಚಿಟಿಕೆ ಮಣ್ಣನ್ನು ಹಾಕಿ ಅಲುಗಾಡಿಸುತ್ತ ಇಡುವರು. ಮಿಕ್ಕವು ಉಪವಾಸದಿಂದ ಸಾಯುವುವು. ಆ ವಿಷವನ್ನು ಉಣ್ಣಬಲ್ಲುದು ಮಾತ್ರ ಹೆಚ್ಚುವುದು.

ಧಾರವಾಡದ ಈ ಸಂಗತಿಯನ್ನು ಓದಿದಾಗ ನಮಗೆ ಮೊದಲು ಸಂತೋಷವೂ ಒಡನೆಯೇ ಸಂಕಟವೂ ಆದುವು. ನಮ್ಮ ನಾಡಿನ ಮಣ್ಣಿನಲ್ಲಿಯೇ ಆ ವಿಷವನ್ನು ತಿನ್ನುವ ಜೀವಿಯಿದ್ದರೆ ಆ ತಾಯಿಯ ಬಾವಿ ಏಕೆ ಕೆಟ್ಟಿತು? ಕಾರಣಗಳನ್ನು ಒಂದೊಂದಾಗಿ ವಿಚಾರಿಸಿ ನೋಡಿದೆವು.

ಮೊದಲನೆಯದು ಪ್ರಮಾಣ. ಹೊಲಕ್ಕೆ ಹೊಡೆಯುವಾಗ ಒಂದು ಎಕರೆಗೆ ಎರಡು ಮೂರು ತೊಲೆಯಷ್ಟು ಮೂಲವಿಷವು ಹರಡುವುದು. ನಾವು ಎರಡು ಮೂರು ಎಕರೆಯ ಪಾಲನ್ನು ಒಂದು ಮೊಳದ ಕುಣಿಯಲ್ಲಿ ಸುರಿಸಿದೆವು. ಊಟವು ಹಿತವಾಗಿದ್ದರೂ ಕಂಠದವರೆಗೆ ತುರುಕಿದರೆ ಉಂಡವನು ಸಾಯುವನು. ಅಷ್ಟು ಗಾಢವಾದ ಎಣ್ಣೆಯು ತನ್ನನ್ನು ತಿನ್ನಬೇಕಾದ ಬ್ಯಾಕ್ಟೀರಿಯಗಳನ್ನೇ ಕೊಲ್ಲುವುದು.

ಎರಡನೆಯದು ಗಾಳಿ. ಉಂಗುರವನ್ನು ಕತ್ತರಿಸಲು ಗಾಳಿಯ ಆಮ್ಲಜನಕ ಬೇಕೆಂದು ಮೇಲೆ ಹೇಳಿದೆವು. ಗಾಳಿಯಿಲ್ಲದೆಯೂ ಉಂಗುರವನ್ನು ಬಿಡಿಸುವ ಬೇರೆ ಬ್ಯಾಕ್ಟೀರಿಯಗಳುಂಟು. ಆದರೆ ಅವುಗಳ ಕೆಲಸ ಬಹಳ ನಿಧಾನ. ನಾವು "ಆಳವಾಗಿ" ಹೂಳಿರೆಂದೆವು. ಬ್ಯಾಕ್ಟೀರಿಯಗಳ ಸಂದಣಿಯಿರುವುದು ಮೇಲಿನ ಒಂದು ಗೇಣಿನಲ್ಲಿ. ಕೆಳಗಿಳಿದಷ್ಟೂ ಅವೂ ವಿರಳ, ಗಾಳಿಯೂ ವಿರಳ. ಅದರಲ್ಲಿಯೂ ನಮ್ಮ ಎರೆಮಣ್ಣು ಮಳೆ ಬಿದ್ದೊಡನೆ ಉಬ್ಬಿ ತನ್ನ ರಂಧ್ರಗಳನ್ನೆಲ್ಲ ಮುಚ್ಚಿಕೊಳ್ಳುವುದು.

ಮೂರನೆಯದು ಬಿರುಕು. ಬೇಸಿಗೆಯಲ್ಲಿ ಎರೆಯ ನೆಲವು ಎರಡು ಮೊಳದಷ್ಟು ಆಳಕ್ಕೂ ಬಿರಿಯುವುದನ್ನು ನಮ್ಮ ಒಕ್ಕಲಿಗರೆಲ್ಲರೂ ಬಲ್ಲರು. ನೆಲ ಉಬ್ಬಿ ಬಿರುಕು ಮುಚ್ಚುವುದಕ್ಕೆ ಮೊದಲೇ ಮುಂಗಾರಿನ ನೀರು ಆ ಬಾಯಿಗಳಿಂದ ನೇರವಾಗಿ ಕೆಳಗಿಳಿಯುವುದು. ಮೂಲವಿಷವು ಜಿಗುಟುಮಣ್ಣಿಗೆ ಅಂಟಿಕೊಂಡು ಹೆಚ್ಚು ದೂರ ಹೋಗದು. ಆದರೆ ಅದನ್ನು ಕರಗಿಸಿದ ಎಣ್ಣೆಯು ಹಾಗಲ್ಲ. ಅದು ನೀರಿನೊಡನೆ ಜಾರಿ ಬಾವಿಯ ಕಲ್ಲುಸಂದಿಗಳನ್ನು ಸೇರಿತು. ಮಣ್ಣಿನ ಒಕ್ಕಲು ಅದನ್ನು ನೋಡುವುದಕ್ಕೆ ಅವಕಾಶವೇ ಆಗಲಿಲ್ಲ.

ನಾಲ್ಕನೆಯದು ನಮ್ಮ ಅಲಕ್ಷ್ಯ. ಬರಿದಾದ ಡಬ್ಬವನ್ನು ಒಡೆದು ವಸತಿಯಿಂದ ದೂರ ಹೂಳಬೇಕೆಂಬ ಸೂಚನೆಯನ್ನು ಇಂಥ ಡಬ್ಬಗಳ ಮೇಲೆ ಅಚ್ಚುಹಾಕಿರುವರು. ಬರಿದಾದುದು, ದೂರದಲ್ಲಿ ಎಂಬ ಎರಡು ವಿಶೇಷಣಗಳನ್ನು ಬಿಟ್ಟು ಹೂಳುವ ಕ್ರಿಯಾಪದವೊಂದನ್ನೇ ನಾವು ಹಿಡಿದೆವು. ಹುಡುಗರು ವಿಭಕ್ತಿ ತಪ್ಪಿದರೆ ಬೆತ್ತ ಹಿಡಿಯುತ್ತಿದ್ದ ನಾವು ಆ ದಿನ ಡಬ್ಬವನ್ನು ತಿರುಗಿಸಿ ಓದಲೂ ಇಲ್ಲ.

ಮಣ್ಣಿಗೆ ಹೊರೆ ಮೀರಿದರೆ ಏನಾಗುವುದೆಂಬುದಕ್ಕೆ ದೇಶದಲ್ಲಿ ದೊಡ್ಡ ನಿದರ್ಶನವುಂಟು. ನ್ಯಾಫ್ತಲೀನಿನ ಜೋಡಿ ಉಂಗುರವುಳ್ಳ ಕಾರ್ಬರಿಲ್ ಎಂಬ ಕೀಟನಾಶಕವನ್ನು ಭೋಪಾಲದಲ್ಲಿ ಮಾಡುತ್ತಿದ್ದರು. ೧೯೮೪ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಘೋರವನ್ನು ವಾಚಕರು ಬಲ್ಲರು. ಹೊಲದ ಮಣ್ಣಿಗೆ ಬಿದ್ದ ಕಾರ್ಬರಿಲನ್ನು ಅರಗಿಸುವ ಬ್ಯಾಕ್ಟೀರಿಯಗಳು ಹಲವು ಇರುವುವು. ಆದರೂ ಆ ಕಾರ್ಖಾನೆಯಲ್ಲಿ ಉಳಿದ ನಾನಾ ವಿಷಕಸಗಳನ್ನು ನಾಲ್ವತ್ತು ವರುಷಗಳಲ್ಲಿ ಕಾಲವೂ ಕರಗಿಸಲಿಲ್ಲ. ೨೦೨೫ರ ಜನವರಿಯಲ್ಲಿ ಸುಮಾರು ೩೩೭ ಟನ್ನುಗಳನ್ನು ಬಂಡಿಗಳಲ್ಲಿ ತುಂಬಿ ಪೀಥಂಪುರಕ್ಕೆ ಸಾಗಿಸಬೇಕಾಯಿತು. ಕಾರ್ಬರಿಲಿನ ಬಳಕೆಯನ್ನು ಸರಕಾರವು ೨೦೧೮ರಲ್ಲಿ ನಿಷೇಧಿಸಿತು. ಡಿ. ಡಿ. ಟಿ.ಯಂತೆ ಉಂಗುರಕ್ಕೆ ಕ್ಲೋರಿನ್ ಅಂಟಿಕೊಂಡ ವಸ್ತುಗಳಂತೂ ಬ್ಯಾಕ್ಟೀರಿಯಗಳಿಗೂ ಕಬ್ಬಿಣದ ಕಡಲೆ. ಅವು ವರುಷಾನುವರುಷ ನೆಲದಲ್ಲಿ ಉಳಿಯುವುವು.

ಹಾಗಾದರೆ ಹೊರಗಿನಿಂದ ಬ್ಯಾಕ್ಟೀರಿಯಗಳನ್ನು ತಂದು ಸುರಿದರಾಗದೆ ಎಂದು ಕೆಲವರು ಕೇಳುವರು. ಅಮೆರಿಕದಲ್ಲಿ ಕೆಲಸಮಾಡುತ್ತಿದ್ದ ನಮ್ಮ ಬಂಗಾಳದ ಆನಂದಮೋಹನ ಚಕ್ರವರ್ತಿಯವರು ಹಲವು ಪ್ಲಾಸ್ಮಿಡುಗಳನ್ನು ಒಂದೇ ಸೂಡೊಮೊನಸಿನಲ್ಲಿ ಕೂಡಿಸಿ ಕಲ್ಲೆಣ್ಣೆಯನ್ನು ತಿನ್ನುವ ತಳಿಯನ್ನು ಮಾಡಿದರು; ೧೯೮೦ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಪೇಟೆಂಟು ಸಲ್ಲುವುದೆಂದು ತೀರ್ಪಿತ್ತಿತು. ಆದರೆ ೧೯೮೯ರಲ್ಲಿ ಅಲಾಸ್ಕದ ತೀರದಲ್ಲಿ ಹಡಗಿನ ಎಣ್ಣೆ ಚೆಲ್ಲಿದಾಗ ಅಲ್ಲಿಯ ದಡಗಳಿಗೆ ಮುಖ್ಯವಾಗಿ ಹಾಕಿದುದು ಸಾರಜನಕ ರಂಜಕಗಳುಳ್ಳ ಗೊಬ್ಬರ. ಅಲ್ಲಿಯೇ ಇದ್ದ ಬ್ಯಾಕ್ಟೀರಿಯಗಳಿಗೆ ಎಣ್ಣೆಯಿಂದ ಇಂಗಾಲವು ಬೇಕಾದಷ್ಟು ಸಿಕ್ಕಿತ್ತು. ಕೊರತೆಯಿದ್ದುದು ಉಳಿದ ಪೋಷಣೆಗೆ. ಇದ್ದ ಒಕ್ಕಲನ್ನು ಸಾಕುವುದೇ ಅನೇಕ ಸಲ ಹೊಸಬರನ್ನು ಕರೆತರುವುದಕ್ಕಿಂತ ಮೇಲೆಂದು ಇದರಿಂದ ತಿಳಿಯುವುದು.

ಇನ್ನು ಗೃಹಸ್ಥರು ಮಾಡತಕ್ಕುದು ಏನು? ಬೇಕಾದಷ್ಟೇ ಔಷಧವನ್ನು ಕೊಂಡು, ಉಳಿಯದಂತೆ ನೋಡಿಕೊಳ್ಳುವುದು ಮೊದಲನೆಯ ಮಾತು. ಡಬ್ಬವು ಬರಿದಾದೊಡನೆ ಮೂರು ಸಲ ನೀರು ಹಾಕಿ ಕುಲುಕಿ, ಆ ತೊಳೆದ ನೀರನ್ನು ಹೊಡೆಯುವ ಪಂಪಿಗೇ ಸುರಿದು ಹೊಲಕ್ಕೇ ಸೇರಿಸಬೇಕು. ಅಲ್ಲಿ ಅದು ತೆಳುವಾಗಿ, ಬಿಸಿಲಿಗೂ ಗಾಳಿಗೂ ಬ್ಯಾಕ್ಟೀರಿಯಗಳಿಗೂ ಸಿಕ್ಕುವುದು. ಹಳ್ಳದಲ್ಲಿ, ಕೆರೆಯಲ್ಲಿ, ಹೊಳೆಯಲ್ಲಿ ಎಂದಿಗೂ ತೊಳೆಯಬಾರದು. ಸೈಪರ್ಮೆಥ್ರಿನ್ ಮೀನುಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಡಬ್ಬಕ್ಕೆ ತೂತು ಹೊಡೆದು ಯಾರೂ ಎಣ್ಣೆಗೋ ನೀರಿಗೋ ಮತ್ತೆ ಬಳಸದಂತೆ ಮಾಡಬೇಕು. ಸುಡುವುದೂ ಸಲ್ಲದು, ಹೊಗೆಯು ಮನೆಯವರ ಎದೆಯನ್ನೇ ಸೇರುವುದು. ಉಳಿದ ವಿಷವನ್ನು ಏನು ಮಾಡಬೇಕೆಂದು ರೈತಸಂಪರ್ಕ ಕೇಂದ್ರದವರನ್ನು ಕೇಳಬೇಕೇ ಹೊರತು, ನಮ್ಮಂಥ ಮಾಸ್ತರರನ್ನಲ್ಲ.

ಅಂಗಳದಲ್ಲಿ ಸೀಮೆಎಣ್ಣೆಯೋ ಡೀಸೆಲ್ಲೋ ಸ್ವಲ್ಪ ಚೆಲ್ಲಿದರೆ ಮಣ್ಣಿನ ಒಕ್ಕಲಿಗೆ ನಾವು ನೆರವಾಗಬಹುದು. ನೆನೆದ ಮಣ್ಣನ್ನು ಕೆತ್ತಿ, ಬಾವಿಗೂ ಮಕ್ಕಳಿಗೂ ದೂರವಾದ ಸ್ಥಳದಲ್ಲಿ ಒಂದು ಗೇಣಿಗಿಂತ ತೆಳುವಾಗಿ ಹರಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಬೆರೆಸಿ, ಹದವಾದ ತೇವವಿರುವಂತೆ ನೋಡಿಕೊಂಡು, ವಾರಕ್ಕೊಮ್ಮೆ ತಿರುವಬೇಕು. ತಿರುವುವುದು ಗಾಳಿಗಾಗಿ; ಗೊಬ್ಬರವು ಪೋಷಣೆಗಾಗಿ. ಕೆಲವು ತಿಂಗಳಲ್ಲಿ ಅದರ ಬಹುಭಾಗವು ತೀರಿಹೋಗುವುದು. ಆದರೆ ಈ ಉಪಾಯವು ಬೆಳೆಗೆ ಹೊಡೆಯುವ ಔಷಧಕ್ಕೆ ಸಲ್ಲದು. ಬಂಡಿಯ ಹಳೆಯ ಎಂಜಿನ್ ಎಣ್ಣೆಯನ್ನು ನೆಲಕ್ಕೆ ಚೆಲ್ಲದೆ ದುರಸ್ತಿಯಂಗಡಿಗೇ ಹಿಂದಿರುಗಿಸಬೇಕು.

ಪೆಟ್ಟಿಗೆಯ ಡಾಂಬರ ಗುಳಿಗೆಯ ವಿಷಯದಲ್ಲಿಯೂ ಒಂದು ಮಾತು. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ರಕ್ತದ ಒಂದು ಕಿಣ್ವವು ಕಡಮೆಯಿರುವುದು. ಆ ಗುಳಿಗೆಯೊಡನೆ ಇಟ್ಟ ಬಟ್ಟೆಯನ್ನು ಅಂಥ ಮಗುವಿಗೆ ಹೊದಿಸಿದರೆ ರಕ್ತಕಣಗಳು ಒಡೆದು ಕಾಮಾಲೆಯಾಗುವುದುಂಟು. ಕೂಸಿನ ಬಟ್ಟೆಗಳಿರುವಲ್ಲಿ ಗುಳಿಗೆಯನ್ನು ಇಡದೆ, ಒಣಗಿದ ಬೇವಿನೆಲೆಯನ್ನೋ ಲಾವಂಚವನ್ನೋ ಇಡುವುದು ಲೇಸು.

ಆ ನೆರೆಯ ಮನೆಗೆ ಈಗ ನಳದಿಂದ ನೀರು ಬರುವುದು. ಬಾವಿಯ ಮೇಲೆ ತಗಡು ಹೊದಿಸಿರುವರು. ಮೊನ್ನೆ ಗೃಹಸ್ಥರು ತಗಡನ್ನು ಸರಿಸಿ, ವಾಸನೆಯೇನೂ ಇಲ್ಲ, ಇನ್ನು ಸೇದಬಹುದಲ್ಲವೆ ಎಂದು ನಮ್ಮನ್ನು ಕೇಳಿದರು. ಇಷ್ಟು ವರುಷಗಳಲ್ಲಿ ಮಣ್ಣಿನ ಒಕ್ಕಲು ತನ್ನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿರಬಹುದು. ಆದರೆ ವಾಸನೆಯಿಲ್ಲವೆಂಬುದು ಶುದ್ಧಿಗೆ ಪ್ರಮಾಣವಲ್ಲ. ಮೂಗಿಗೆ ತಿಳಿಯದಷ್ಟು ಅಲ್ಪವಾದುದೂ ದೇಹಕ್ಕೆ ಕೇಡಾಗಬಹುದು. ಈ ಸಾರಿ ನಾವು ಶಾಸ್ತ್ರವಾಕ್ಯವನ್ನು ಹೇಳಲಿಲ್ಲ. ಶುಭ್ರವಾದ ಸೀಸೆಯಲ್ಲಿ ನೀರನ್ನು ತುಂಬಿಸಿ, ಕೀಟನಾಶಕಗಳನ್ನೂ ಎಣ್ಣೆಯ ಅಂಶವನ್ನೂ ಅಳೆಯಬಲ್ಲ ಪರೀಕ್ಷಾಲಯಕ್ಕೆ ಕಳುಹಿಸಿರಿ, ಅಲ್ಲಿಂದ ಉತ್ತರ ಬರುವವರೆಗೆ ಸೇದಬೇಡಿರಿ ಎಂದೆವು. ಅವರು ನಕ್ಕು ಒಪ್ಪಿಕೊಂಡರು. ಸೀಸೆಯನ್ನು ತೊಳೆದು ತರುವ ಕೆಲಸವನ್ನು ನಾವೇ ಕೇಳಿ ವಹಿಸಿಕೊಂಡೆವು.